ಮುಕಾದಮನಿಲ್ಲದ ಹನ್ನೆರಡು ಮಂದಿ

ಸಿಂಧನೂರಿನ ಬಾಲಪ್ಪ ಸಾಹುಕಾರರ ಅಕ್ಕಿ ಮಿಲ್ಲಿನಲ್ಲಿ ತಾಯಪ್ಪ ಹಮಾಲ. ಮುಕ್ಕುಂದದಿಂದ ಬಂದವನು. ಓದಿದ್ದು ಮೂರನೆಯ ತರಗತಿ, ಹೊತ್ತದ್ದು ಲಾರಿಗಟ್ಟಲೆ. ಅವನ ಗುಂಪಿನಲ್ಲಿ ಹನ್ನೆರಡು ಮಂದಿ. ಮೇಲೆ ನಿಂತು ಕೂಗಾಡುವ ಮುಕಾದಮ ಮಾತ್ರ ಇಲ್ಲ. ಇವತ್ತು ಮೊದಲ ಚೀಲ ಎತ್ತಿದವನು ನಾಳೆ ಕೊನೆಯವನು. ಕೆಲಸದಲ್ಲಿ ಪೆಟ್ಟು ತಿಂದವನನ್ನು ಮನೆಗೆ ಅಟ್ಟುವುದಿಲ್ಲ. ಅವನು ನೆರಳಿಗೆ ಕೂತು ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಾನೆ, ಪಾಲು ಎಲ್ಲರಷ್ಟೇ. ಈ ಕಾನೂನು ಯಾರು ಮಾಡಿದರೆಂದು ಕೇಳಿದರೆ ತಾಯಪ್ಪ ತಲೆ ಕೆರೆದುಕೊಳ್ಳುತ್ತಿದ್ದ.

೧೯೮೭ರ ಬೇಸಿಗೆ ಬೆಳೆ ಬಂದಾಗ ಗುಂಪಿನಲ್ಲೇ ವಯಸ್ಸಾದ ಅಮೀನ್‌ಸಾಬ್ ನಡು ಉಳುಕಿಸಿಕೊಂಡು ದಬ್ಬಣ ಹಿಡಿದ. ಅದೇ ದಿನಗಳಲ್ಲಿ ಕಾಲೇಜು ಮೇಷ್ಟ್ರು ಕನಕರಾಯರ ಕಣ್ಣು ಈ ಗುಂಪಿನ ಮೇಲೆ ಬಿತ್ತು. ಎರಡರಲ್ಲಿ ಯಾವುದು ದೊಡ್ಡ ಪೆಟ್ಟೋ ಹೇಳುವುದು ಕಷ್ಟ.

"ತಾಯಪ್ಪಾ, ನೀವ ಖರೇ ಅರಾಜಕವಾದಿಗಳು!"

"ನಾವೇನ್ ಮಾಡೀವ್ರಿ ಸರ?" ತಾಯಪ್ಪ ಬೆದರಿದ.

ಆಳುವವರೇ ಬೇಡ, ಸರ್ಕಾರವೂ ಬೇಡ, ಜನ ತಾವೇ ಕೂಡಿ ಬಾಳಬಲ್ಲರು. ಇದೇ ಅರಾಜಕವಾದ ಎಂದರು ಮೇಷ್ಟ್ರು. ಇದನ್ನು ಸಾರಲು ಒಂದು ಸಂಘವನ್ನೂ ಕಟ್ಟಿದ್ದರು. ಅದಕ್ಕೆ ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಒಂದು ರಬ್ಬರ್ ಸ್ಟಾಂಪು. ನೋಂದಣಿ ಅರ್ಜಿಯಲ್ಲಿ 'ಉದ್ದೇಶ: ಸರ್ಕಾರವನ್ನು ಇಲ್ಲವಾಗಿಸುವುದು' ಎಂದು ಬರೆದು ಸರ್ಕಾರಕ್ಕೇ ಕೊಟ್ಟಿದ್ದರು. ಗುಮಾಸ್ತ ಓದಿ, "ಮೂರು ಪ್ರತಿ ಬೇಕ್ರಿ" ಎಂದನಂತೆ.

ಮಸ್ಕಿಯಲ್ಲಿ ಸಭೆ ಸೇರಿತು. ತಾಯಪ್ಪನನ್ನು ಉದಾಹರಣೆಯೆಂದು ವೇದಿಕೆಯ ಮೇಲೆ ಕೂರಿಸಿದರು. ಬಾಯಿ ಬಿಡಲು ಬಿಡಲಿಲ್ಲ. ಹೊಲ, ಮಿಲ್ಲು ಎಲ್ಲವೂ ಊರ ಸೊತ್ತಾಗಿ ಯಾರಿಗೆ ಎಷ್ಟು ಬೇಕೋ ಅಷ್ಟು ಸಿಗಬೇಕೆಂದರು ಲಿಂಗಸುಗೂರಿನ ವಕೀಲರು. ಛೇ, ದುಡಿಯುವವರ ಸಂಘಗಳೇ ಮಿಲ್ಲು ನಡೆಸಬೇಕೆಂದರು ಇನ್ನೊಬ್ಬರು. ಅವರವರ ಸಲಕರಣೆ ಅವರವರಿಗಿದ್ದು, ಸಮಕ್ಕೆ ಸಮ ಕೊಟ್ಟು ತಗೊಂಡರೆ ಸಾಕೆಂದರು ಮತ್ತೊಬ್ಬರು. ಮೂವರೂ ಕುರ್ಚಿ ಎತ್ತುವುದೊಂದು ಬಾಕಿ. ಆಗ ಎದ್ದವರು ಬಾಲಪ್ಪ ಸಾಹುಕಾರರು. ಸಭೆಯ ಶಾಮಿಯಾನ ಅವರದೇ.

"ನನ್ನ ಮಿಲ್ಲು, ನನ್ನ ಮರ್ಜಿ. ಲೇಬರ್ ಸಾಹೇಬ ಯಾಕ್ ಬರ್ಬೇಕ್ರಿ ಒಳಗ? ನಾನೂ ಅರಾಜಕವಾದೀನ!"

ಚಪ್ಪಾಳೆ ಬಿತ್ತು. ಇದು ವ್ಯಕ್ತಿಸ್ವಾತಂತ್ರ್ಯದ ಪಂಥವೆಂದು ಕನಕರಾಯರು ಬರೆದುಕೊಂಡರು. ಶಾಮಿಯಾನ ಕೊಟ್ಟವರಿಗೆ ಒಂದು ಪಂಥ ಸಿಗದೆ ಇದ್ದೀತೆ?

ಮುಂದಿನ ವಾರವೇ ಸಾಹುಕಾರರು ಆ ಸ್ವಾತಂತ್ರ್ಯ ಚಲಾಯಿಸಿದರು. ತಾಯಪ್ಪನನ್ನು ಒಳಗೆ ಕರೆದು, "ನೀ ಮುಕಾದಮ ಆಗಿಬಿಡಲೇ. ಚೀಲ ಹೊರಾದು ಬ್ಯಾಡ, ಟವೆಲ್ ಹಾಕ್ಕೊಂಡು ನಿಂತ್ರ ಸಾಕು. ಮೊದಲ್ನೇ ಹುಕುಂ, ಆ ನಡ ಮುರುಕ ಸಾಬನ್ನ ಮನೀಗೆ ಕಳಸಾದು" ಎಂದರು.

ತಾಯಪ್ಪನ ಹೆಗಲು ಆಗಲೇ ಒಪ್ಪಿತ್ತು. ನಲವತ್ತು ದಾಟಿದ ಹೆಗಲು, ಅದಕ್ಕೆ ಸಿದ್ಧಾಂತವಿಲ್ಲ. ಮನಸ್ಸು ಮಾತ್ರ ಒಪ್ಪದೆ ಕನಕರಾಯರ ಮನೆಗೆ ಓಡಿದ. "ಇದು ಯಾವ ಪಂಥಕ್ಕ ಬರ್ತದ ಅಂತ ಸಮಿತಿ ನೋಡ್ಬೇಕು. ಅಮಾಸಿ ಕಳೀಲಿ" ಎಂದರು ಮೇಷ್ಟ್ರು.

ಹೆಂಡತಿ ಪಕೀರಮ್ಮನಿಗೆ ಸಮಿತಿ ಬೇಕಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಅಂದಳು: "ಆಗು, ಆಗು ಮುಕಾದಮ. ನಿನ್ನ ನಡ ಮುರಿದ ದಿನ ಇನ್ನೊಬ್ಬ ಮುಕಾದಮ ಬಂದು ನಿನ್ನ ಕಳಸ್ತಾನ."

ಮರುದಿನ ಲಾರಿ ನಿಂತಿತ್ತು. ಅಮೀನ್‌ಸಾಬನನ್ನು ಕಳಿಸುವುದಾದರೆ ಚೀಲ ಮುಟ್ಟುವುದಿಲ್ಲವೆಂದು ಹನ್ನೆರಡೂ ಮಂದಿ ಕೂತಿದ್ದರು.

"ಯಾರಲೇ ನಿಮ್ಮ ಹಿರಿಯಾ? ಮುಂದ ಬಾ!" ಸಾಹುಕಾರರು ಗುಡುಗಿದರು.

"ಯಾರೂ ಇಲ್ರಿ" ಎಂದ ತಾಯಪ್ಪ. "ಉಳದೋರ್ನ ಕೇಳ್ರಿ."

ಸಾಹುಕಾರರು ಒಬ್ಬೊಬ್ಬರನ್ನೂ ಕೇಳಿದರು. ಉಳಿದವರನ್ನು ಕೇಳ್ರಿ ಎಂದು ಒಬ್ಬೊಬ್ಬನೂ ಹೇಳಿದ. ಕೊಳ್ಳೋಣವೆಂದರೆ ಒಬ್ಬನಿಲ್ಲ, ಹೆದರಿಸೋಣವೆಂದರೆ ಒಬ್ಬನಿಲ್ಲ! ಪಕ್ಕದ ಮಿಲ್ಲಿನ ಹಮಾಲರನ್ನು ಕರೆಸಿದರು. ಅವರು ಬಂದರು, ನೋಡಿದರು, ಪಕ್ಕದಲ್ಲೇ ಕೂತು ಬೀಡಿ ಹಚ್ಚಿದರು. ಮಧ್ಯಾಹ್ನಕ್ಕೆ ಮೋಡ ಕವಿಯಿತು. ಅಂಗಳದಲ್ಲಿ ಹರವಿದ ನೆಲ್ಲು ಬಯಲಿಗಿತ್ತು. ಮಳೆಗೆ ಯಾವ ಸಾಹುಕಾರನ ಮರ್ಜಿಯೂ ಗೊತ್ತಿಲ್ಲ.

ಸಾಹುಕಾರರು ಆಕಾಶ ನೋಡಿ ಕೂಗಿದರು: "ಚೀಲ ಹೊಲಕೊಂಡು ಸಾಯಲಿ ಆ ಸಾಬ! ಮೊದ್ಲು ಏಳ್ರಲೇ!"

ಅಮೀನ್‌ಸಾಬ್ ಗೋಡೆ ಹಿಡಿದು ಮೆಲ್ಲಗೆ ನೆರಳಿಗೆ ಹೋಗಿ ಕೂತ.

"ಸುತಳಿ ಒಗೀರಲೇ, ಹನಿ ಬೀಳಾಕತ್ಯಾವ!"

ಆ ಗುಂಪಿನಲ್ಲಿ ಅವತ್ತು ಹುಕುಂ ಕೊಟ್ಟವನು ಅವನೊಬ್ಬನೇ. ಹನ್ನೊಂದು ಮಂದಿ ಓಡಿದರು.