ಗಾಳಿ ನಿಂತ ಮೇಲಿನ ಫೋನು

ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಫೋನ್ ಎತ್ತಿದವಳನ್ನು ಲೈನ್‌ಮನ್‌ಗಳೆಲ್ಲ ಫೋನಕ್ಕ ಎಂದೇ ಕರೆಯುತ್ತಿದ್ದರು. ಯಾವ ಬೀದಿಯ ಕಂಬ ವಾಲಿದೆ, ಯಾವ ತಂತಿಯ ಮೇಲೆ ಮರ ಒರಗಿದೆ, ಎಲ್ಲವೂ ಅವಳ ನಾಲಿಗೆ ತುದಿಯಲ್ಲಿ. ಕೊಂಬೆ ಕಡಿಸಿ ಎಂದು ಪ್ರತಿ ವರ್ಷ ಬರೆದುಕೊಡುತ್ತಿದ್ದಳು. ಸಾಹೇಬರು ಪ್ರತಿ ವರ್ಷ "ನೋಡೋಣಮ್ಮ" ಎನ್ನುತ್ತಿದ್ದರು.

ಆ ಗುರುವಾರ ಮಧ್ಯಾಹ್ನ ಬಿರುಗಾಳಿ ಎದ್ದಿತು. ಮುಕ್ಕಾಲು ಗಂಟೆ, ಅಷ್ಟೇ. ಛಾವಣಿಯ ತಗಡುಗಳು ತರಗೆಲೆಯಂತೆ ಹಾರಿದವು, ಮರಗಳು ಬುಡಮೇಲಾದವು, ಅರ್ಧ ಊರಿನ ತಂತಿ ರಸ್ತೆಗೆ ಬಂತು. ಗಾಳಿ ನಿಂತದ್ದೇ ತಡ, ಕಚೇರಿಯ ಫೋನುಗಳು ಬಡಿದುಕೊಳ್ಳತೊಡಗಿದವು.

ಸಾಹೇಬರು ಬಾಗಿಲಲ್ಲೇ ನಿಂತು, "ಯಾರೇ ಕೇಳಿದ್ರೂ ಒಂದು ಗಂಟೇಲಿ ಕರೆಂಟ್ ಬರುತ್ತೆ ಅನ್ನಿ," ಎಂದರು.

"ಬರಲ್ಲ ಸಾರ್. ದೊಡ್ಡ ಲೈನೇ ಮಲಗಿದೆ. ನಾಲ್ಕು ದಿನ ಬೇಕು."

"ನಿಮ್ಮ ಅಭಿಪ್ರಾಯ ಯಾರಮ್ಮ ಕೇಳಿದ್ದು?"

ಫೋನಕ್ಕ ಹಲ್ಲು ಕಚ್ಚಿಕೊಂಡು ನಾಲ್ಕೈದು ಜನಕ್ಕೆ ಹಾಗೇ ಹೇಳಿದಳು. ಆಮೇಲೆ ಒಬ್ಬ ಹೆಣ್ಣುಮಗಳ ಕರೆ ಬಂತು.

"ಮೇಡಂ, ನಮ್ಮಮ್ಮ ಆಕ್ಸಿಜನ್ ಮೆಷಿನ್‌ನಲ್ಲಿದ್ದಾರೆ. ಬ್ಯಾಟರಿ ಇನ್ನೆರಡು ಗಂಟೆ ಬರಬಹುದು. ಲಿಫ್ಟ್ ನಿಂತಿದೆ, ನಾಲ್ಕು ಮಹಡಿ ಇಳಿಸ್ಬೇಕು. ಕಾಯ್ಲಾ?"

ಫೋನಕ್ಕನ ಮೈ ಉರಿದುಹೋಯಿತು. "ಕಾಯ್ಬೇಡಮ್ಮ! ಇವತ್ತೂ ಬರಲ್ಲ, ನಾಳೇನೂ ಬರಲ್ಲ. ಅಕ್ಕಪಕ್ಕದವರನ್ನ ಕೂಗು, ಕುರ್ಚಿ ಮೇಲೆ ಕೂರಿಸಿ ಇಳಿಸಿ, ಆಸ್ಪತ್ರೆಗೆ ಹೊರಡಿ."

ಅಲ್ಲಿಂದ ಮುಂದೆ ಕೇಳಿದವರಿಗೆಲ್ಲ ನಿಜವನ್ನೇ ಹೇಳಿದಳು. ಸಾಹೇಬರು ಕೆಂಡಾಮಂಡಲವಾದರು.

ಮೂರನೆಯ ದಿನ ನೋಟಿಸು ಬಂತು: ಜನರಲ್ಲಿ ಭೀತಿ ಹರಡಿದ ಆರೋಪ. ಊರಿಗೆ ಊರೇ ಕತ್ತಲಲ್ಲಿ ಬೆವರುತ್ತಿತ್ತು. ನೋಟಿಸು ಟೈಪು ಮಾಡಲು ಮಾತ್ರ ಜನರೇಟರ್ ಓಡಿತ್ತು! ಮರ ಕಡಿಸದವರನ್ನು ಕೇಳುವವರೇ ಇರಲಿಲ್ಲ.

"ತಪ್ಪಾಯ್ತು ಅಂತ ಒಂದು ಸಾಲು ಬರೆದುಬಿಡು, ಸುಮ್ನೆ ಯಾಕೆ ರಗಳೆ?" ಎಂದ ಗಂಡ.

"ಯಾವ ತಪ್ಪು ಅಂತ ಬರೀಲಿ? ಆ ಮುದುಕೀನ ಆಸ್ಪತ್ರೆಗೆ ಕಳಿಸಿದ್ದಾ?"

ಅವಳು ಬರೆದದ್ದು ಒಂದೇ ಸಾಲು: ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು, ತಿಳಿಸಿ. ಉತ್ತರ ಬರಲಿಲ್ಲ, ವರ್ಗಾವಣೆ ಬಂತು. ಕೆಳಗಿನ ಉಗ್ರಾಣಕ್ಕೆ, ಹಳೇ ಮೀಟರ್ ಜೋಡಿಸಿಡಲು. ವಿದ್ಯುತ್ತು ಐದನೆಯ ದಿನ ಬಂತು.

ಎರಡು ವಾರದ ಮೇಲೆ ಆ ಮಗಳು ಕಚೇರಿಗೆ ಬಂದು, ಅಮ್ಮ ಮನೆಗೆ ಮರಳಿದರು ಎಂದು ಸಾಹೇಬರಿಗೆ ಕೈ ಮುಗಿದಳು. "ಅದು ನಮ್ಮ ಕರ್ತವ್ಯ," ಎಂದರು ಸಾಹೇಬರು, ನಾಚಿಕೆಯಿಲ್ಲದೆ.

ಸುದ್ದಿ ಕೇಳಿದ ಫೋನಕ್ಕ ಧೂಳಿನ ಕೈಯಲ್ಲೇ ಮೆಟ್ಟಿಲೇರಿ ಬಂದಳು. "ಅವತ್ತು ನಿನ್ನ ಜೊತೆ ಮಾತಾಡಿದ್ದು ನಾನಮ್ಮ. ಅದಕ್ಕೇ ನನ್ನನ್ನ ಕೆಳಗೆ ತಳ್ಳಿದ್ದಾರೆ."

ಇಡೀ ಕಚೇರಿ ಕೇಳಿಸಿಕೊಂಡಿತು. ವರ್ಗಾವಣೆಯೇನೂ ರದ್ದಾಗಲಿಲ್ಲ. ಮಗಳು ಮಾತ್ರ ಸಾಹೇಬರಿಗೆ ಬೆನ್ನು ಹಾಕಿ, ಅವಳೊಂದಿಗೆ ಉಗ್ರಾಣದವರೆಗೂ ಇಳಿದುಹೋದಳು.