ಕ್ಯಾಂಟೀನಿನ ಮುಕ್ಕಾಲಿ

ಪ್ರಿನ್ಸಿಪಾಲರು ಕ್ಯಾಂಟೀನಿಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಅವನೂ ಎದ್ದ. ಎದ್ದವನು ನಿಲ್ಲಲಿಲ್ಲ. ಬಹಳ ಹೊತ್ತಿನಿಂದ ತೊಡೆಯ ಕೆಳಗೆ ಮಡಚಿಟ್ಟಿದ್ದ ಎಡಗಾಲು ಪೂರ್ತಿ ಜೋಮು ಹಿಡಿದು, ಪಕ್ಕದ ಟೇಬಲಿನವರು ಯಾರೋ ಮರೆತು ಬಿಟ್ಟುಹೋದ ಕಾಲಿನಂತಾಗಿತ್ತು. ಅದರ ಮೇಲೆ ಭಾರ ಹಾಕಿದ್ದೇ ತಡ, ಗೋಡೆಗೆ ಒರಗಿಸಿದ್ದ ಸೈಕಲ್ಲು ಬಿದ್ದ ಹಾಗೆ ಟೇಬಲಿನ ಮೇಲೆ ಬಿದ್ದ. ಅಲ್ಲಿದ್ದ ಟೀ ಲೋಟಗಳೆಲ್ಲ ಒಟ್ಟಿಗೆ ಮಗುಚಿದವು. ಎದುರಿಗೆ ಕೂತ ಹುಡುಗಿ ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ಕಾಂಡದ ಒಳಭಾಗದ ಚಿತ್ರ ಬಿಡಿಸುತ್ತಿದ್ದಳು. ಟೀ ನೇರವಾಗಿ ಕಾಂಡಕ್ಕೆ ಹೋಗಿ ಸೇರಿತು.

"ಏನಾಯ್ತು?" ಎಂದರು ಪ್ರಿನ್ಸಿಪಾಲರು.

"ಕಾಲಿಗೆ ಜೋಮು ಸರ್," ಎಂದ, ಟೇಬಲಿನ ಮೇಲೆ ಮಲಗಿಕೊಂಡೇ.

"ಕಾಲಿಗೆ ಮಾತ್ರ ತಾನೇ?" ಎಂದು ಕೇಳಿ, ಟೇಬಲಿನ ಸುತ್ತ ಎಷ್ಟು ತಲೆ ಇವೆ ಎಂದು ನೋಡಿ, ಸಮಾಧಾನಪಟ್ಟು ಮುಂದಕ್ಕೆ ಹೋದರು.

ತಲೆ ಎಣಿಸಿದ್ದಕ್ಕೆ ಕಾರಣವಿತ್ತು. ಆ ಪ್ರಿನ್ಸಿಪಾಲರಿಗೆ ಇದ್ದ ಪ್ರಿನ್ಸಿಪಲ್ ಒಂದೇ: ಕ್ಯಾಂಟೀನಿನ ಒಂದು ಟೇಬಲಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಇಷ್ಟೇ ಇರಕೂಡದು, ಮೂರನೆಯವರು ಇರಲೇಬೇಕು. ಇಬ್ಬರೇ ಕೂತರೆ ಓದು ಓಡಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಮಗ್ಗಿಗೆ 'ಟೇಬಲ್' ಎನ್ನುವ ಶಾಲೆಗಳಲ್ಲಿ ಕಲಿತವರಿಗೆ ಮೂರರ ಟೇಬಲ್ ಚಿಕ್ಕಂದಿನಲ್ಲೇ ಬಾಯಿಪಾಠವಾಗಿರುತ್ತದೆ. ಈ ಕಾಲೇಜಿನ ಪ್ರೇಮಿಗಳು ಮಾತ್ರ ಅದನ್ನು ಡಿಗ್ರಿಗೆ ಬಂದ ಮೇಲೆ ಕಲಿತರು.

ಕಲಿತ ಮೇಲೆ ಎಲ್ಲರೂ ಹುಡುಕಿಕೊಂಡು ಹೋದದ್ದು ಇವನನ್ನೇ. ಎರಡೇ ಕಾಲಿನ ಮೇಲೆ ಸ್ಟೂಲು ನಿಲ್ಲುವುದಿಲ್ಲವಲ್ಲ, ಹಾಗಾಗಿ ಇವನಿಗೆ 'ಮುಕ್ಕಾಲಿ' ಎಂದು ಹೆಸರಿಟ್ಟರು. ಮೂರನೆಯವನಿಗೆ ಬೇಕಾದ ಗುಣಗಳೆಲ್ಲ ಅವನಲ್ಲಿದ್ದವು. ಮಾತಿನ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ನಗುವ ಮಾತಿಗೆ ನಗುತ್ತಿರಲಿಲ್ಲ, ಅಳುವವರಿಗೆ ಕರವಸ್ತ್ರ ಕೊಡುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಸೈಕಲ್ ಸ್ಟ್ಯಾಂಡಿನ ತಗಡಿನ ಚಾವಣಿಯನ್ನು ನೋಡುತ್ತ ಕೂರುತ್ತಿದ್ದ. ಆ ಚಾವಣಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಅದು ಅವನಿಗೆ ಅನುಕೂಲವೇ ಆಗಿತ್ತು. ಅವರಿಗೆ ಪ್ರೇಮ, ಇವನಿಗೆ ಜೋಮು.

ಕಾಯಂ ಗಿರಾಕಿಗಳೆಂದರೆ ಅವನ ಶಾಲೆಯ ಕಾಲದ ಗೆಳೆಯ, ಈಗ ವಾಲಿಬಾಲ್ ತಂಡದ ಕ್ಯಾಪ್ಟನ್, ಮತ್ತು ಕಾಲೇಜಿನ ಸಮಾರಂಭಗಳಲ್ಲಿ ಪ್ರಾರ್ಥನೆ ಹಾಡುತ್ತಿದ್ದ ಒಬ್ಬ ಗಾಯಕಿ. ಇವರಿಬ್ಬರ ಸುದ್ದಿ ಹೇಗೋ ಗಾಯಕಿಯ ಮನೆಗೆ ತಲುಪಿತ್ತು. ಮನೆಯವರು ಬೇರೆ ಕಾಲೇಜಿನಲ್ಲಿ ಅದೇ ವರ್ಷದಲ್ಲಿ ಓದುತ್ತಿದ್ದ ಅವಳ ಚಿಕ್ಕಪ್ಪನ ಮಗಳನ್ನು ಅಲ್ಲಿಂದ ಬಿಡಿಸಿ ಇದೇ ಕಾಲೇಜಿಗೆ ಸೇರಿಸಿ, ಅಕ್ಕನ ಜೊತೆ ಎಲ್ಲಿಗೆ ಹೋದರೂ ಹೋಗಬೇಕೆಂದು ತಾಕೀತು ಮಾಡಿದ್ದರು. ಕ್ಯಾಪ್ಟನ್ ಆಕೆಗೆ 'ಕ್ಯಾಮೆರಾ' ಎಂದು ನಾಮಕರಣ ಮಾಡಿದ. ಟೀ ಮಗುಚಿದ ದಿನ ಕ್ಯಾಮೆರಾ ಆ ಟೇಬಲಿಗೆ ಬಂದ ಮೊದಲ ದಿನ. ನೆಂದ ರೆಕಾರ್ಡ್ ಅವಳದೇ.

ಪ್ರಿನ್ಸಿಪಾಲರು ಹೋದ ಮೇಲೆ ಅವಳು ಪುಟವನ್ನು ಎತ್ತಿ, ಸೋರಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಪರವಾಗಿಲ್ಲ. ಕಾಂಡಕ್ಕೆ ಬಣ್ಣ ಹಚ್ಚೋಣ ಅಂತಲೇ ಇದ್ದೆ," ಎಂದಳು. ಆಮೇಲೆ, "ಕಾಲು ಅಲ್ಲಾಡಿಸು, ಜೋಮು ಬಿಡುತ್ತೆ."

"ಬಿಡೋವಾಗ ನೋಯುತ್ತೆ," ಎಂದ ಮುಕ್ಕಾಲಿ. "ಇರಲಿ ಬಿಡು ಹೀಗೇ."

ಸಂಜೆ ಕ್ಯಾಪ್ಟನ್ ಅವನ ಹೆಗಲಿಗೆ ಕೈ ಹಾಕಿ, "ನೋಡೋ, ಇನ್ನು ಆ ಕ್ಯಾಮೆರಾ ಹೆಂಗೂ ಬಂದೇ ಬರುತ್ತೆ. ಅಲ್ಲಿಗೆ ಮೂರಾಯ್ತಲ್ಲ. ನಿನಗೆ ರಜಾ," ಎಂದ. ಮುಕ್ಕಾಲಿ ಸರಿ ಎಂದು ತಲೆಯಾಡಿಸಿದ. ಮರುದಿನ ಎಲ್ಲರಿಗಿಂತ ಮೊದಲೇ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದ. ಅಭ್ಯಾಸಬಲ ಎಂದುಕೊಂಡ ಕ್ಯಾಪ್ಟನ್. ಮುಕ್ಕಾಲಿಯೂ ಹಾಗೆಯೇ ಅಂದುಕೊಂಡ.

ಮೂರನೆಯವನಾಗುವ ವಿದ್ಯೆ ಅವನಿಗೆ ಬಂದದ್ದು ಮನೆಯಿಂದ. ಅಪ್ಪ ಟೈಲರ್, ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಎತ್ತಿದ ಕೈ. ಅಳತೆ ತಪ್ಪಿ ಯಾವ ಮಗುವೂ ಅತ್ತದ್ದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆ. ಆಚೆಗೆ, ಉಳಿದ ನೀಲಿ ತುಂಡುಗಳನ್ನೇ ಜೋಡಿಸಿ ಮಾಡಿದ ಪರದೆ. ಪರದೆಯ ಹಿಂದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಮ್ಮ ಅದೇ ಅಂಗಿಗಳಿಗೆ ಕಾಜ ಮಾಡಿ ಗುಂಡಿ ಹಾಕುತ್ತಿದ್ದಳು. ಒಂದೇ ಅಂಗಿಗೆ ಇಬ್ಬರೂ ಕೈ ಹಚ್ಚುತ್ತಿದ್ದರು, ಆದರೆ ಒಬ್ಬರಿಗೊಬ್ಬರು ಮಾತಿಲ್ಲ. ಅಪ್ಪನಿಗೆ ಹೊಲಿಯುವುದು ಗೊತ್ತಿತ್ತು, ಒಲಿಸಿಕೊಳ್ಳುವುದು ಗೊತ್ತಿರಲಿಲ್ಲ. ಮಗ ಪಾಟಿ ಹಿಡಿಯುವ ಕಾಲದಲ್ಲಿ ಶುರುವಾದ ಜಗಳ. ಯಾಕೆ ಶುರುವಾಯಿತೆಂದು ಈಗ ಇಬ್ಬರಿಗೂ ನೆನಪಿಲ್ಲ. ಇನ್ನೊಬ್ಬರನ್ನು ಕೇಳಿ ನೆನಪು ಮಾಡಿಕೊಳ್ಳೋಣವೆಂದರೆ ಮಾತಿಲ್ಲವಲ್ಲ.

ಹೀಗಾಗಿ ಅಂಗಿಯೂ ಮಾತೂ ಮಗನ ಕೈಯಲ್ಲಿ ಪರದೆ ದಾಟುತ್ತಿದ್ದವು.

"ಆ ದರ್ಜಿಗೆ ಹೇಳು," ಎನ್ನುತ್ತಿದ್ದಳು ಅಮ್ಮ, "ಕಾಲರ್ ಕೋಣನ ಕಿವಿ ಥರ ಜೋತುಬಿದ್ದಿದೆ. ಇದಕ್ಕೆ ನಾನು ಗುಂಡಿ ಹಾಕಲ್ಲ ಅಂತ."

ಮಗ ಪರದೆ ಸರಿಸಿ, "ಅಪ್ಪಾ, ಕಾಲರ್ ಒಂಚೂರು ನೋಡ್ಬೇಕಂತೆ."

"ಅವಳಪ್ಪ ಹುಟ್ಟಿದಾಗಿನಿಂದ ಕಾಲರ್ ಇರೋ ಅಂಗಿ ಹಾಕಿದ್ನಾ ಅಂತ ಕೇಳು."

ಪರದೆ ಸರಿಸಿ, "ಅಮ್ಮಾ, ನೋಡ್ತಾರಂತೆ."

ಮಾತು ದಾಟುತ್ತಿತ್ತು, ಮುಳ್ಳು ಪರದೆಯ ಹತ್ತಿರವೇ ಉಳಿಯುತ್ತಿತ್ತು. ಇಷ್ಟು ವರ್ಷದ ಮುಳ್ಳೆಲ್ಲ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಚುಚ್ಚಿದ ನೆನಪು ಅವನಿಗೂ ಇರಲಿಲ್ಲ.

ಕ್ಯಾಂಟೀನಿನ ಟೇಬಲಿನಲ್ಲಿ ಇಬ್ಬರು ಮಾತಾಡುತ್ತಿದ್ದರು, ಇಬ್ಬರು ಸುಮ್ಮನಿರುತ್ತಿದ್ದರು. ಸುಮ್ಮನಿದ್ದವರಲ್ಲಿ ಒಬ್ಬಳು ಎಲೆ, ಬೇರು, ಹೂವಿನ ಹೊಟ್ಟೆ ಬಿಡಿಸುತ್ತಿದ್ದಳು. ಇನ್ನೊಬ್ಬ ಚಾವಣಿ ನೋಡುತ್ತಿದ್ದ. ಒಂದು ದಿನ ಅವಳ ಪೆನ್ಸಿಲ್ಲು ಮುರಿಯಿತು. ಅವನು ಚಾವಣಿಯಿಂದ ಕಣ್ಣು ತೆಗೆಯದೆಯೇ ಅದನ್ನು ಎಳೆದುಕೊಂಡು, ಅಪ್ಪನ ಹಳೆಯ ಬ್ಲೇಡಿನಿಂದ ಹೆರೆದು ವಾಪಸಿಟ್ಟ. ಮೊನೆ ಸೂಜಿಯಂತೆ ಬಂದಿತ್ತು. ಮರುದಿನದಿಂದ ಅವಳು ಬಂದ ತಕ್ಷಣ ಪೆನ್ಸಿಲ್ಲುಗಳನ್ನೆಲ್ಲ ಅವನ ಕಡೆಗೆ ಉರುಳಿಸಿಬಿಡುತ್ತಿದ್ದಳು. ಕ್ಯಾಂಟೀನಿನ ಟೀಯಲ್ಲಿ ಅವನಿಗೆ ಸಕ್ಕರೆ ಸಾಲುವುದಿಲ್ಲ ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ಸಕ್ಕರೆ ಡಬ್ಬಿ ತಾನಾಗಿಯೇ ಅವನ ಕೈಗೆ ಎಟಕುವಲ್ಲಿ ಇರುತ್ತಿತ್ತು. ಮಾತು ಮಾತ್ರ ಎಣಿಸಿದಷ್ಟು.

"ಯಾವಾಗಲೂ ಏನು ನೋಡ್ತೀಯ ಅಲ್ಲಿ?"

"ಚಾವಣಿ."

"ಏನಿದೆ ಅದರಲ್ಲಿ?"

"ಏನಿಲ್ಲ."

"ಚೆನ್ನಾಗಿದೆಯಾ?"

"ಪರವಾಗಿಲ್ಲ."

ಒಂದು ದಿನ ಅವಳು ರೆಕಾರ್ಡಿನ ಹಿಂದಿನ ಪುಟದಲ್ಲಿ ಆ ತಗಡಿನ ಚಾವಣಿಯನ್ನೇ ಬಿಡಿಸಿ, ಸಸ್ಯಶಾಸ್ತ್ರದ ಶಿಸ್ತಿನಂತೆ ಬಾಣದ ಗುರುತು ಎಳೆದು, ಬಾಣದ ತುದಿಯಲ್ಲಿ 'ಏನಿಲ್ಲ' ಎಂದು ಬರೆದು ತೋರಿಸಿದಳು. ಮುಕ್ಕಾಲಿಯ ಬಾಯಿಯ ಒಂದು ಬದಿ ಸ್ವಲ್ಪ ಅಲ್ಲಾಡಿತು. ಕ್ಯಾಂಟೀನಿನ ಯಜಮಾನರು ಗಲ್ಲಾದಿಂದಲೇ ಅದನ್ನು ಕಂಡು, "ಇವನು ನಗ್ತಾನೆ," ಎಂದು ಟೀ ಸೋಸುವವಳಿಗೆ ಹೇಳಿದರು.

ಕ್ಯಾಪ್ಟನ್ ಮತ್ತು ಗಾಯಕಿಯ ಕಥೆ ಮುಗಿದದ್ದು ಕೊನೆಯ ವರ್ಷದ ಗಾಯನ ಸ್ಪರ್ಧೆಯಲ್ಲಿ. ಗಾಯಕಿ ಸೋತಳು. ಗೆದ್ದವಳಿಗೆ ಕ್ಯಾಪ್ಟನ್ ಎದ್ದು ನಿಂತು ಶಿಳ್ಳೆ ಹೊಡೆದ. ಮರುದಿನ ನಾಲ್ವರೂ ಅದೇ ಟೇಬಲಿನಲ್ಲಿ ಕೂತರು. ಗಾಯಕಿ ಕ್ಯಾಪ್ಟನ್ನನ್ನು ನೋಡದೆ, "ಮುಕ್ಕಾಲಿ, ನಿನ್ನ ಫ್ರೆಂಡಿಗೆ ಹೇಳು. ಅವನ ಮುಖ ಇನ್ನೊಂದ್ಸಲ ನೋಡೋಕೂ ನನಗಿಷ್ಟ ಇಲ್ಲ," ಎಂದಳು.

ಕ್ಯಾಪ್ಟನ್ ಕೂತಿದ್ದದ್ದು ಮೊಳದಷ್ಟು ದೂರದಲ್ಲಿ. ಮುಕ್ಕಾಲಿ ಅವನ ಕಡೆ ತಿರುಗಿ, "ಅವಳಿಗೆ ಸ್ವಲ್ಪ ಬೇಜಾರಾಗಿದೆಯಂತೆ," ಎಂದ.

"ಬೇಜಾರಾದ್ರೆ ಎದ್ದು ಹೋಗಲಿ, ಹಿಡ್ಕೊಂಡವರು ಯಾರು ಅಂತ ಕೇಳು."

"ಅವನಿಗೂ ಬೇಜಾರಂತೆ."

ಕ್ಯಾಮೆರಾ ಪೆನ್ಸಿಲ್ಲು ಕೆಳಗಿಟ್ಟಳು. "ಅವಳು ಹಾಗೆ ಹೇಳಲಿಲ್ಲ. ಅವನೂ ಹಾಗೆ ಹೇಳಲಿಲ್ಲ."

"ಅರ್ಥ ಅದೇ," ಎಂದ ಮುಕ್ಕಾಲಿ.

"ಅದಲ್ಲ. ಬೇಜಾರಾಗಿರೋದು ನಿನಗೆ. ಅದನ್ನ ಇವರಿಬ್ಬರ ತಲೆಗೆ ಕಟ್ತಾ ಇದೀಯ."

ಅವನು ಟೇಬಲಿನ ಕೆಳಗೆ ಬಗ್ಗಿ ತನ್ನ ಕಾಲನ್ನು ನೋಡಿಕೊಂಡ, ಅಲ್ಲೇನೋ ಬಿದ್ದಿದೆ ಎಂಬಂತೆ. ತಲೆ ಎತ್ತುವಷ್ಟರಲ್ಲಿ ಗಾಯಕಿ ಹೊರಟಿದ್ದಳು. ಕ್ಯಾಪ್ಟನ್ ಮೈದಾನದ ದಾರಿ ಹಿಡಿದಿದ್ದ. ಅಕ್ಕನ ಹಿಂದೆ ಹೋಗುವುದೇ ಕೆಲಸವಾಗಿದ್ದ ಕ್ಯಾಮೆರಾ ಪೆನ್ಸಿಲ್ಲುಗಳನ್ನು ಬಾಚಿಕೊಂಡು ಹೋದಳು. ಅವಸರದಲ್ಲಿ ಒಂದು ಉಳಿಯಿತು.

ಕಾವಲಿಗೆ ಕಾರಣವೇ ಇಲ್ಲವಾದ ಮೇಲೆ ಅವಳು ಕ್ಯಾಂಟೀನಿಗೆ ಬರಲಿಲ್ಲ. ಕ್ಯಾಪ್ಟನ್ ಮಾತ್ರ ಬಂದು, "ನಾಳೆ ಹೊಸ ಟೇಬಲ್ ಕಣೋ, ಆ ಶಿಳ್ಳೆಗೆ ಗೆದ್ದವಳು ಒಲಿದುಬಿಟ್ಲು. ಬಂದುಬಿಡು," ಎಂದ. ಮುಕ್ಕಾಲಿ ಆಗಲಿ ಎಂದ. ಆದರೆ ಹೋಗಲಿಲ್ಲ. ಹಳೆಯ ಟೇಬಲಿನಲ್ಲಿ ಒಬ್ಬನೇ ಕೂತು, ಉಳಿದ ಪೆನ್ಸಿಲ್ಲನ್ನು ದಿನವೂ ಸ್ವಲ್ಪ ಸ್ವಲ್ಪ ಹೆರೆದ. ಅದು ಬೆರಳಿನಷ್ಟಾಯಿತು, ಆಮೇಲೆ ಗುಂಡಿಯಷ್ಟಾಯಿತು. ಸಕ್ಕರೆ ಡಬ್ಬಿ ಎಟಕುವಲ್ಲಿ ಇರುತ್ತಿರಲಿಲ್ಲ. ಸಕ್ಕರೆಯಿಲ್ಲದೆಯೇ ಕುಡಿದ.

ಒಂದು ಸಂಜೆ ಮನೆಗೆ ಬಂದವನು ಪರದೆಯ ಹತ್ತಿರ ನಿಂತು, "ಅಮ್ಮಾ, ತಲೆ ನೋಯ್ತಾ ಇದೆ," ಎಂದ.

ಅಮ್ಮ ಗುಂಡಿಯ ದಾರ ಕಡಿದು, "ಬಗ್ಗಿಕೊಂಡು ಹೊಲಿದ್ರೆ ನೋಯದೆ ಇರುತ್ತಾ? ಬೀರುವಿನಲ್ಲಿ ಮಾತ್ರೆ ಇದೆ, ಕೊಡು ಹೋಗು," ಎಂದಳು.

ಅವನು ಮಾತ್ರೆ, ನೀರು ತೆಗೆದುಕೊಂಡು ಪರದೆ ದಾಟಿದ. ಅಪ್ಪ ಮಿಷನ್ನು ನಿಲ್ಲಿಸಿ, "ನನಗೆ ತಲೆನೋವು ಅಂತ ಅವಳಿಗೆ ಹೆಂಗೆ ಗೊತ್ತಾಯ್ತು?" ಎಂದು ಮಾತ್ರೆಯನ್ನು ನುಂಗಿದರು. ಸ್ವಲ್ಪ ಹೊತ್ತು ಪರದೆಯ ಕಡೆ ನೋಡಿದರು. "ಪರವಾಗಿಲ್ಲ, ಕಡಿಮೆ ಆಯ್ತು ಅಂತ ಹೇಳು."

ಅವನು ಹೋಗಿ ಹೇಳಿದ.

ಕೊನೆಯ ಪರೀಕ್ಷೆ ಮುಗಿದು ಫಲಿತಾಂಶವೂ ಬಂದ ಮೇಲೆ, ಸರ್ಟಿಫಿಕೇಟು ತೆಗೆದುಕೊಳ್ಳಲು ಕಾಲೇಜಿಗೆ ಬಂದ ಕ್ಯಾಮೆರಾ ನೇರವಾಗಿ ಕ್ಯಾಂಟೀನಿಗೆ ನಡೆದಳು. ಅವನು ಅಲ್ಲೇ ಇದ್ದ. ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

ಯಜಮಾನರು ಗಲ್ಲಾ ಬಿಟ್ಟು ಎದ್ದುಬಂದರು. "ಇಬ್ಬರೇ ಕೂರೋ ಹಾಗಿಲ್ಲಮ್ಮ."

"ಮೂರನೆಯವನು ಇಲ್ಲೇ ಇದ್ದಾನಲ್ಲ," ಎಂದಳು ಅವನನ್ನು ತೋರಿಸಿ.

"ಇವತ್ತು ಅವನು ಎರಡನೆಯವನು," ಎಂದರು ಯಜಮಾನರು. ಬಾಗಿಲ ಕಡೆಗೊಮ್ಮೆ ನೋಡಿ, ಪಕ್ಕದ ಟೇಬಲಿನಿಂದ ಒಂದು ಕುರ್ಚಿ ಎಳೆದು, ಅವರ ಮಧ್ಯೆ ಗೋಡೆಗೆ ಮುಖ ಮಾಡಿ ಕೂತರು. "ನಾನಿಲ್ಲ ಅಂದ್ಕೊಳ್ಳಿ."

ಅವಳು ಸಕ್ಕರೆ ಡಬ್ಬಿಯನ್ನು ಅವನ ಕಡೆ ತಳ್ಳಿದಳು.

"ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಸಿಕ್ಕಿದೆ. ಇಲ್ಲಿ ಒಂದು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋಗೋ ಊರಲ್ಲಿ ಇನ್ನೊಂದು. ಮನೆಯವರಿಗೆ ಎಲ್ಲಾದರೂ ಸರಿ. ಯಾವುದು ಅಂತ ಇವತ್ತು ಸಂಜೆ ಹೇಳ್ಬೇಕು."

ಅವನು ತಲೆಯಾಡಿಸಿದ.

"ಒಂದು ವಿಷಯ ತುಂಬಾ ದಿನದಿಂದ ತಲೆಯಲ್ಲಿದೆ," ಎಂದಳು. "ನಾನು ಬಂದ ಮೇಲೆ ಈ ಟೇಬಲಿಗೆ ಮೂರು ಜನ ಆಗಿದ್ವಿ. ನೀನು ಬರೋ ಅಗತ್ಯವೇ ಇರಲಿಲ್ಲ. ಆದರೂ ದಿನಾ ಬಂದೆ."

ಯಜಮಾನರ ಬೆನ್ನು ನೆಟ್ಟಗಾಯಿತು.

ಮುಕ್ಕಾಲಿ ಚಾವಣಿಯ ಕಡೆ ತಿರುಗಲಿಲ್ಲ. ಜೇಬಿನಲ್ಲಿದ್ದ ಗುಂಡಿಯಷ್ಟು ಪೆನ್ಸಿಲ್ಲನ್ನು ಬೆರಳಿನಲ್ಲಿ ಹಿಡಿದುಕೊಂಡಿದ್ದ. ಮಡಚಿದ ಕಾಲನ್ನು ಮೆಲ್ಲಗೆ ಬಿಡಿಸಿ ನೆಲಕ್ಕೆ ಊರಿದ. ಪಾದದಿಂದ ಮೊಣಕಾಲಿನವರೆಗೆ ಒಂದೊಂದಾಗಿ ಸೂಜಿಗಳು ಚುಚ್ಚತೊಡಗಿದವು.

"ಅದಕ್ಕೇ ಕೇಳ್ತಿದೀನಿ," ಎಂದಳು ಅವಳು. "ನನಗೆ ಹೇಳೋದು ಏನಾದ್ರೂ ಇದೆಯಾ?"

ಅವನ ಬಾಯಿ ತೆರೆಯಿತು. ಮಾತು ತುಟಿಯವರೆಗೂ ಬಂದದ್ದು ಅವಳಿಗೆ ಕಾಣಿಸಿತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ತೀರಾ ಜವಾಬ್ದಾರಿಯಿಂದ ಅವಳನ್ನೇ ಕೇಳಿದ:

"ಯಾರ ಕಡೆಯಿಂದ?"