ಢಾಬಾದಲ್ಲಿ ಪಂಗತಿ

ಕಾನಹೊಸಹಳ್ಳಿ ದಾಟಿದ ಮೇಲೆ ಹೆದ್ದಾರಿ ಪಕ್ಕದಲ್ಲಿ ಒಂದು ಪಂಜಾಬಿ ಢಾಬಾ. ಬೆಳಗಿನಿಂದ ಕಾರು ಓಡಿಸಿ ಸೊಂಟ ಹಿಡಿದುಕೊಂಡಿತ್ತು. ಒಳಗೆ ನೋಡಿದರೆ ಕುರ್ಚಿಯೇ ಇಲ್ಲ; ನೆಲಕ್ಕೆ ಗಾದಿ ಹಾಸಿ ಮುಂದೆ ಗಿಡ್ಡ ಮೇಜು ಇಟ್ಟಿದ್ದರು. ವಿಧಿಯಿಲ್ಲದೆ ಕುಳಿತು ರೊಟ್ಟಿ ತರಿಸಿಕೊಂಡೆ.

ಪಕ್ಕದಲ್ಲಿದ್ದ ಮುದುಕರೊಬ್ಬರು ಊಟ ಮುಗಿಸಿ, ಎಂಜಲು ಕೈ ಒಣಗುತ್ತಿದ್ದರೂ ಸುಮ್ಮನೆ ಕುಳಿತಿದ್ದರು. ಅವರ ಮಗಳು ಬಾಗಿಲಿನಿಂದ ಕೂಗಿದಳು.

"ಏಳಪ್ಪಾ, ಉಜ್ಜಿನಿ ಬಸ್ ಬಂತು! ಇದು ತಪ್ಪಿದ್ರ ಸಂಜೀತನಕ ಇಲ್ಲ."

"ಇವರು ಇನ್ನೂ ಉಣ್ಣಾಕತ್ಯಾರ. ಪಂಗತಿ ಬಿಟ್ಟು ಹೆಂಗ ಏಳ್ಲಿ?" ಎಂದು ಮುದುಕರು ನನ್ನತ್ತ ಕೈ ತೋರಿಸಿದರು.

"ಇದು ಮದುವಿ ಮನಿ ಅಲ್ಲಪ್ಪ, ಹೋಟ್ಲು!"

"ನೆಲದ ಮ್ಯಾಲ ಕುಂತೀವಲ್ಲ!"

ಪಂಗತಿಯಲ್ಲಿ ಕೊನೆಯವನ ಊಟ ಮುಗಿಯದೆ ಯಾರೂ ಏಳಬಾರದು, ಎದ್ದವನು ಮತ್ತೆ ಊಟಕ್ಕೆ ಕೂರಬಾರದು ಎಂದು ನಮ್ಮಜ್ಜ ಗದರುತ್ತಿದ್ದರೆಂದು ತರಗತಿಯಲ್ಲಿ ಪಾಠ ಮಾಡುವಾಗ ಎಷ್ಟೋ ಸಲ ಹೇಳಿದ್ದೇನೆ. ನಿಜವಾಗಿ ಗದರಿದ್ದರೋ, ಎಲ್ಲೋ ಓದಿದ್ದನ್ನು ನಾನೇ ಅಜ್ಜನ ಬಾಯಿಗೆ ಹಾಕಿದೆನೋ, ಈಗ ಖಾತ್ರಿಯಿಲ್ಲ. ಇಂಥ ಕಟ್ಟಳೆಗಳಲ್ಲಿ ನನಗೆ ನಂಬಿಕೆಯೂ ಇಲ್ಲ.

ಬಸ್ಸು ಹಾರ್ನ್ ಹೊಡೆಯಿತು. "ನಂದೂ ಆತ್ರಿ" ಎಂದು ಮೇಜು ಹಿಡಿದು ಎದ್ದೆ.

"ರೊಟ್ಟಿ ಹಂಗ ಐತಲ್ರೀ!" ಎಂದರು ಮುದುಕರು.

"ಸಾಕ್ರೀ, ಹೊಟ್ಟಿ ತುಂಬೇತಿ."

ಆಗಲೇ ಅವರು ಎದ್ದದ್ದು. ಮಗಳು ತೋಳು ಹಿಡಿದು ಎಳೆದುಕೊಂಡೇ ಹೋದಳು. ಬಸ್ಸು ಸಿಕ್ಕಿತು.

ಮತ್ತೆ ಕೂತು ಉಣ್ಣಬಹುದಿತ್ತು. ಹಸಿವಿತ್ತು, ರೊಟ್ಟಿ ಇನ್ನೂ ಬಿಸಿಯಿತ್ತು, ನೋಡುವವರು ಯಾರೂ ಇರಲಿಲ್ಲ. ತಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಕೈ ತೊಳೆಯಲು ಹೋದೆ.